ನಜರೇತಿನ ಗಿಟಾರು ಮತ್ತು ಅಜ್ಜನ ಮಂಚದ ಬೀಟಿ



ಕಳೆದ ಮಳೆಗಾಲದಲ್ಲಿ ಮಧೂರಿನ ನಮ್ಮ ಮನೆಯ ಜಗಲಿಯಲ್ಲಿ ಮೊದಲ ಗಿಟಾರು ಮಾಡಲು ಕುಳಿತೆ. ಮೈಗೆ ಹಲಸು, ಕೊರಳಿನ ಮೇಲಿನ ಪಟ್ಟಿಗೆ ಅಜ್ಜನ ಮುರಿದ ಮಂಚದ ಬೀಟಿ. ಫ್ರೆಟ್‌ಗಳ, ವೀಣೆಯ ಮಾತಿನಲ್ಲಿ ಹೇಳುವುದಾದರೆ ಮೆಟ್ಟುಗಳ, ಕಚ್ಚು ಕೊರೆದು ಮುಗಿಸಿದಾಗ 12ನೆಯದು 2 ಮಿ.ಮೀ.ಗಿಂತ ಹೆಚ್ಚು ಮುಂದೆ ಹೋಗಿತ್ತು. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗಿದ್ದೆ. ಪ್ರತಿ ಸಲ 0.2 ಮಿ.ಮೀ. ತಪ್ಪಿದರೂ 12ನೆಯ ಹೊತ್ತಿಗೆ ಅಷ್ಟಾಗುತ್ತದೆ. ಬೀಟಿಯ ಇನ್ನೊಂದು ತುಂಡು ಇರಲಿಲ್ಲ.

ಈ ತಪ್ಪು ಹಳೆಯದು. 1581ರಲ್ಲಿ ವಿನ್ಚೆನ್ಸೊ ಗೆಲಿಲೆಯಿ, ವಿಜ್ಞಾನಿ ಗೆಲಿಲಿಯೊನ ತಂದೆ, ಒಂದು ಸುಲಭ ಲೆಕ್ಕ ಬರೆದರು: ಉಳಿದ ತಂತಿಯ 18ರಲ್ಲಿ ಒಂದು ಪಾಲಿಗೆ ಒಂದು ಮೆಟ್ಟು. ನೂರಾರು ವರ್ಷ ವಾದ್ಯಗಾರರು ಅದನ್ನೇ ಬಳಸಿದರು. 650 ಮಿ.ಮೀ. ತಂತಿಯಲ್ಲಿ 12ನೆಯ ಮೆಟ್ಟು ಸರಿಯಾಗಿ 325ಕ್ಕೆ ಬರಬೇಕು. ಈ ಲೆಕ್ಕದಲ್ಲಿ ಅದು 322.6ರ ಸುಮಾರಿಗೆ ನಿಲ್ಲುತ್ತದೆ. ಆದರೆ ತಂತಿ ಒತ್ತಿದಾಗ ಸ್ವರ ತುಸು ಏರುವುದರಿಂದ ಆ ಕೊರತೆ ಒಂದಿಷ್ಟು ಒಳ್ಳೆಯದೇ ಆಯಿತು. ನನ್ನದು ಎದುರು ದಿಕ್ಕಿಗೆ ಹೋಗಿತ್ತು, ಆ ಭಾಗ್ಯವೂ ಇಲ್ಲ. ಈಗಿನವರು 18ರ ಬದಲು 17.817ರಿಂದ ಭಾಗಿಸುತ್ತಾರೆ, ಪ್ರತಿ ಮೆಟ್ಟನ್ನೂ ತುದಿಯಿಂದಲೇ ಅಳೆಯುತ್ತಾರೆ. ನಮ್ಮ ವೀಣೆಯವರು ಇನ್ನೂ ಜಾಣರು: ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ತಪ್ಪಿದರೆ ಮೇಣ ಬಿಸಿಮಾಡಿ ಸರಿಸಿದರಾಯಿತು.

ಗಿಟಾರಿನ ಚರಿತ್ರೆಯಲ್ಲಿ ಮರಗೆಲಸದವರ ಪಾಲು ದೊಡ್ಡದು. ಜರ್ಮನಿಯ ಮಾರ್ಕ್‌ನೊಯ್‌ಕಿರ್ಶೆನ್ ಊರಿನಲ್ಲಿ ಪಿಟೀಲು ಮಾಡುವವರ ಸಂಘ, ಪೀಠೋಪಕರಣ ಮಾಡುವ ಬಡಗಿಗಳು ಗಿಟಾರು ಮಾಡಕೂಡದೆಂದು 1826ರಲ್ಲಿ ದೂರು ಕೊಟ್ಟಿತು. 1832ರಲ್ಲಿ ಮತ್ತೆ ವ್ಯಾಜ್ಯ. ಬಡಗಿಗಳೇ ಉಳಿದುಕೊಂಡರು. ಅಂಥ ಬಡಗಿ ಮನೆತನದ ಕ್ರಿಸ್ಟಿಯನ್ ಫ್ರೆಡ್ರಿಕ್ ಮಾರ್ಟಿನ್ ಮಾತ್ರ ಜಗಳ ಸಾಕೆಂದು 1833ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದರು. ಕೆಲವು ವರ್ಷಗಳ ನಂತರ ಪೆನ್ಸಿಲ್ವೇನಿಯಾದಲ್ಲಿ ಮೊರೇವಿಯನ್ ಕ್ರೈಸ್ತರು ಕಟ್ಟಿದ ಊರಿಗೆ ಹೋಗಿ ನೆಲೆಸಿದರು. ಆ ಊರಿನ ಹೆಸರು ನಜರೇತ್! ಬಡಗಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಬೇಕೆ?

ಮಾರ್ಟಿನರ ಗುರು, ವಿಯೆನ್ನಾದ ಯೋಹಾನ್ ಸ್ಟೌಫರ್, ಕೊರಳಿನ ಬುಡದಲ್ಲಿ ಒಂದು ತಿರುಪು ಇಡುತ್ತಿದ್ದರು. ಗಡಿಯಾರದ ಕೀಲಿಯಂಥದ್ದರಿಂದ ತಿರುಗಿಸಿದರೆ ಕೊರಳಿನ ಓರೆ ಬದಲಾಗುತ್ತದೆ. ಕೊರಳು ತಪ್ಪಿಯೇ ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಟು ಅದು. ಬೇರೆಯವರು ಸರೇಸಿನಿಂದ, ಅಂದರೆ ತೊಗಲು ಬೇಯಿಸಿದ ಅಂಟಿನಿಂದ, ಕೂಡಿಸುತ್ತಿದ್ದರು. ಬಿಸಿ ಆವಿ ತಾಗಿದರೆ ಅದು ಬಿಟ್ಟುಕೊಡುತ್ತದೆ. ಕೊರಳು ಬಿಚ್ಚಿ, ಬುಡದಲ್ಲಿ ಕೂದಲೆಳೆಯಷ್ಟು ಕೆತ್ತಿ, ಮತ್ತೆ ಕೂರಿಸಬಹುದು. ಇಂದಿನ ಗಟ್ಟಿ ಅಂಟುಗಳಲ್ಲಿ ಹಲವು ಹೀಗೆ ಬಿಡುವುದಿಲ್ಲ.

ನಮ್ಮ ಊರಿಗೆ ಇನ್ನೊಂದು ಪಾಠ ಇದೆ. ಆಟಿಯ ಮಳೆಯಲ್ಲಿ ಮರ ತೇವ ಕುಡಿದು ಉಬ್ಬುತ್ತದೆ. ಆಗ ಅಂಟಿಸಿದ ಹಲಗೆ ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತದೆ. ಸೀಳಿಗೆ ಮರದ ಪುಡಿ ಮತ್ತು ಅಂಟು ತುಂಬಿದರೆ ಕಣ್ಣಿಗೆ ಚೆಂದ, ಬಲ ಇಲ್ಲ. ಅಂಟು ಇಳಿಸಿ ಬಿಗಿದು, ಒಳಗಿನಿಂದ ಸೀಳಿಗೆ ಅಡ್ಡವಾಗಿ ಸಣ್ಣ ಮರದ ಬಿಲ್ಲೆಗಳನ್ನು ಅಂಟಿಸುವುದು ಹಳೆಯ ಪದ್ಧತಿ. ಸುತ್ತಿ ತಾಗಿ ಬಿದ್ದ ತಗ್ಗಿಗೆ ಒದ್ದೆ ಬಟ್ಟೆ, ಮೇಲೆ ಇಸ್ತ್ರಿಪೆಟ್ಟಿಗೆ. ನಾರು ತುಂಡಾಗದಿದ್ದರೆ ಎದ್ದು ಬರುತ್ತದೆ.

ನಮ್ಮ ಇಗರ್ಜಿಗಳಲ್ಲಿ ಗಿಟಾರು ಸಾಮಾನ್ಯವಾದದ್ದು 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ದಾಖಲೆ ಹೊರಡಿಸಿದ ಮೇಲೆ. ಆದರೆ 1818ರ ಕ್ರಿಸ್ಮಸ್ ಹಿಂದಿನ ರಾತ್ರಿ ಓಬರ್ನ್‌ಡಾರ್ಫ್‌ನಲ್ಲಿ ‘ಸೈಲೆಂಟ್ ನೈಟ್’ ಮೊದಲ ಸಲ ಕೇಳಿಸಿದ್ದೂ ಫಾದರ್ ಯೋಸೆಫ್ ಮೋರ್ ಅವರ ಗಿಟಾರಿನೊಂದಿಗೇ.

ಇನ್ನು ಬೀಟಿ. ಬ್ರೆಜಿಲಿನ ಬೀಟಿ ಸಿಗುವುದು ಕಷ್ಟವಾದಾಗ, 1969ರಿಂದ ಮಾರ್ಟಿನ್ ಕಂಪೆನಿ ಭಾರತದ ಬೀಟಿಗೆ ತಿರುಗಿತು. ನಮ್ಮ ಘಟ್ಟದ ಮರ ನಜರೇತಿಗೆ ಹೋಯಿತು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಒಪ್ಪಂದದ ಕಡಿವಾಣ ಬಿತ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ನನ್ನ ಪಟ್ಟಿಯನ್ನು ನೆರೆಯ ಆಚಾರಿಯವರಿಗೆ ತೋರಿಸಿದೆ. “ಬಿಸಾಡ್ಬೇಡ ಮಗಾ, ಮಂಚದ ಕಾಲು ಉಂಟಲ್ಲ?” ಎಂದರು. ಕಾಲಿನಿಂದ ಕಾಗದದಷ್ಟು ತೆಳುವಾದ ಚಕ್ಕೆ ಸೀಳಿ, ತಪ್ಪಿದ ಕಚ್ಚುಗಳಿಗೆಲ್ಲ ಅಂಟಿಸಿ ತುಂಬಿದೆವು. ಎರಡು ದಿನ ಬಿಟ್ಟು ಕೀಸಿ, ತುದಿಯಿಂದ ಅಳೆದು ಹೊಸದಾಗಿ ಕೊರೆದೆವು. ಬೆಳಕಿಗೆ ಓರೆಯಾಗಿ ಹಿಡಿದರೆ ಹಳೆಯ ಗೆರೆಗಳು ಈಗಲೂ ಕಾಣುತ್ತವೆ.