ಹಾಲಿನಲ್ಲಿ ರಾಗಿ, ತಟ್ಟೆಯಲ್ಲಿ ಅನ್ನ: ಪ್ರೌಢಶಾಲೆಯ ಬಿಸಿಯೂಟ ಮತ್ತು ಕಬ್ಬಿಣಾಂಶದ ಪ್ರಶ್ನೆ

ಪ್ರೌಢಶಾಲಾ ಮಕ್ಕಳ ಆಹಾರದ ಬಗ್ಗೆ ಕೆಲವು ಸಂಗತಿಗಳಲ್ಲಿ ತಕರಾರಿಲ್ಲ. ಕೇಂದ್ರದ ಪಿಎಂ ಪೋಷಣ್ 8ನೇ ತರಗತಿಗೇ ನಿಲ್ಲುತ್ತದೆ; 9 ಮತ್ತು 10ನೇ ತರಗತಿಯ ಬಿಸಿಯೂಟದ ಖರ್ಚು ಕರ್ನಾಟಕ ಸರ್ಕಾರದ್ದು. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು, 2023ರಲ್ಲಿ ಮೊಟ್ಟೆ ಪ್ರೌಢಶಾಲೆಗೂ ವಿಸ್ತರಿಸಿತು. ಈ ಲೇಖನದ ವಿಷಯ 2024ರ ಫೆಬ್ರವರಿಯಲ್ಲಿ ಹಾಲಿಗೆ ಸೇರಿದ ರಾಗಿ ಮಾಲ್ಟ್.

ಸಿರಿಧಾನ್ಯ ತಿಂದವರ ಹಿಮೋಗ್ಲೋಬಿನ್ ಶೇ 13.2ರಷ್ಟು ಏರಿತೆಂದು ಸಂಶೋಧಕಿ ಸೀತಾ ಅನಿತಾ ಮತ್ತು ಸಂಗಡಿಗರು 2021ರಲ್ಲಿ ತೀರ್ಮಾನಿಸಿದರು. ಈ ಅಂಕಿಯನ್ನು ಶಾಲೆಯ ಲೋಟಕ್ಕೆ ಅನ್ವಯಿಸಲಾಗದು ಎಂಬುದು ನನ್ನ ವಾದ. ಅದು ಬೇರೆ ಬೇರೆ ಧಾನ್ಯಗಳ ಅಧ್ಯಯನಗಳನ್ನು ಕೂಡಿಸಿ ಬಂದ ಸರಾಸರಿ. 2017ರ ಭಾರತೀಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 364 ಮಿ.ಗ್ರಾಂ, ಕಬ್ಬಿಣ ಐದು ಮಿ.ಗ್ರಾಂಗಿಂತ ಕಡಿಮೆ. 13ರಿಂದ 15ರ ಹುಡುಗಿಗೆ ದಿನಕ್ಕೆ ಬೇಕಾದ ಕಬ್ಬಿಣ, ಐಸಿಎಂಆರ್‌ನ 2020ರ ಶಿಫಾರಸಿನಂತೆ, 30 ಮಿ.ಗ್ರಾಂ. ಮಾಲ್ಟಿಗೆ ಬಳಸುವ ರಾಗಿಯಾದರೋ ಕೆಲವೇ ಗ್ರಾಂ. ಅದರ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಡುತ್ತವೆ. ಹಾಲಿನ ಕ್ಯಾಲ್ಸಿಯಂ ಅದೇ ಗುಟುಕಿನಲ್ಲಿ ಮತ್ತಷ್ಟು ತಡೆಯೊಡ್ಡುತ್ತದೆ. ಹಾಗಾಗಿ ಹಾಲಿನ ಮಾಲ್ಟ್ ಮೂಳೆಗೆ ಒಳ್ಳೆಯದು. ರಕ್ತಹೀನತೆಗೆ ಅದೇ ಮದ್ದೆನ್ನಲು ಆಧಾರ ಸಾಲದು.

ಇದನ್ನು ಎಚ್ಚರದಿಂದಲೇ ಹೇಳುತ್ತಿದ್ದೇನೆ. ಕ್ಯಾಲ್ಸಿಯಂನ ಅಡ್ಡಿ ಒಂದೊಂದು ಊಟದ ಪ್ರಯೋಗಗಳಲ್ಲಿ ಕಂಡಷ್ಟು ದೀರ್ಘಕಾಲದಲ್ಲಿ ಕಾಣುವುದಿಲ್ಲ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. ಪುಡಿಗೆ ಕಬ್ಬಿಣ ಬೆರೆಸಿದ್ದರೆ ಲೆಕ್ಕವೂ ಬದಲಾದೀತು. ಮಾಲ್ಟ್ ನಿಲ್ಲಿಸಬೇಕೆಂಬುದು ನನ್ನ ವಾದವಲ್ಲ; ರಾಗಿ ಮಧ್ಯಾಹ್ನದ ತಟ್ಟೆಗೂ ಬರಲಿ ಎಂಬುದಷ್ಟೇ.

ಮಾಗಡಿ ತಾಲ್ಲೂಕಿನ ಕಲ್ಯದ ಸೀಮೆಗೆ ಇದು ಹೊಸತೇನಲ್ಲ. ರಾಗಿ, ಅವರೆ, ಹುರುಳಿ ಇಲ್ಲಿನ ಹೊಲದವೇ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿಗೆ ರುಬ್ಬಿದ ಖಾರ ಸೇರಿಸಿ ಬಸ್ಸಾರು ಕುದಿಸುತ್ತಾರೆ, ಉಳಿದದ್ದು ಪಲ್ಯ. ಮುದ್ದೆ ಬಸ್ಸಾರಿಗೆ ಉಣ್ಣುವ ಹೊತ್ತಿನಲ್ಲಿ ನಿಂಬೆಹಣ್ಣು ಹಿಂಡಿದರೆ, ಬೆಂಕಿಗೆ ಸಿಗದ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ. ಮನೆಯಲ್ಲಿ ಇದನ್ನುಂಡು ಬೆಳೆದ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದು ಹೆಚ್ಚಾಗಿ ಅನ್ನ, ಸಾಂಬಾರು. ರಾಗಿ ಬೆಳೆವ ಸೀಮೆಯಲ್ಲಿ ಹೀಗಾಗಬಾರದು.

ಆದರೆ ನೂರಾರು ಮಕ್ಕಳಿಗೆ ಮುದ್ದೆ ತೊಳಸುವುದು ರಟ್ಟೆ ಮುರಿಯುವ ಕೆಲಸ. ಅಲ್ಪ ಗೌರವಧನದ ಅಡುಗೆಯವರ ಮೇಲೆ ಅದನ್ನು ಹೇರುವುದು ಅನ್ಯಾಯ. ಯಂತ್ರ, ಕೈಯಾಳು, ವೇತನ ಇವುಗಳ ಲೆಕ್ಕ ಮೊದಲು ಆಗಬೇಕು. ವಾರಕ್ಕೆ ಎರಡು ದಿನದ ಮುದ್ದೆಯಿಂದ ಹುಡುಗಿಯರಲ್ಲಿ ಕಬ್ಬಿಣದ ಸಂಗ್ರಹ ಸೂಚಿಸುವ ಫೆರಿಟಿನ್ ಮಟ್ಟ ಏರುವುದೇ ಎಂಬುದನ್ನು ಒಂದು ಶೈಕ್ಷಣಿಕ ವರ್ಷದ ಆರಂಭದಲ್ಲೂ ಕೊನೆಯಲ್ಲೂ ರಕ್ತ ಪರೀಕ್ಷಿಸಿಯೇ ತಿಳಿಯಬೇಕು.