ಎರವಲು ಕೀರ್ತಿ: ಮಕ್ಕಳ ಇಸಬು ಮತ್ತು ವಿಟಮಿನ್

ಬೆಳಗಾವಿ ಜಿಲ್ಲೆಯ ಕಾಕತಿಯಲ್ಲಾಗಲಿ ಖಾನಾಪುರದಲ್ಲಾಗಲಿ, ಮಗುವಿನ ಮೊಣಕೈ ಸಂದಿಯಲ್ಲಿ ಇಸಬು ಎದ್ದರೆ ಮೈಯಲ್ಲಿ ವಿಟಮಿನ್ ಕಡಿಮೆಯಾಗಿರಬೇಕೆಂಬ ಊಹೆ ಬೇಗ ಹುಟ್ಟುತ್ತದೆ. ಅದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಅದಕ್ಕೊಂದು ವೈದ್ಯಕೀಯ ವಂಶಾವಳಿ ಇದೆ. ಆದರೆ ಆ ವಂಶಾವಳಿ ಬೇರೊಂದು ಚರ್ಮರೋಗದ್ದು ಎಂಬುದು ನನ್ನ ವಾದ. ಮೊಣಕೈ, ಮೊಣಕಾಲುಗಳ ಹೊರಬದಿಯಲ್ಲಿ ಕೂದಲಿನ ಬುಡದಲ್ಲಿ ಏಳುವ ಒರಟು ಗುಳ್ಳೆಗಳಿಗೆ ಸಿಲೋನಿನಲ್ಲಿದ್ದ ವೈದ್ಯ ಲೂಸಿಯಸ್ ನಿಕೋಲ್ಸ್ 1933ರಲ್ಲಿ ‘ಫ್ರಿನೊಡರ್ಮಾ’ ಎಂದು ಹೆಸರಿಟ್ಟು, ಎ ವಿಟಮಿನ್ನಿನ ಕೊರತೆಯೇ ಕಾರಣವೆಂದರು. ಆ ದಶಕದಲ್ಲೇ ಕೂನೂರಿನ ಪೋಷಣಾ ಪ್ರಯೋಗಾಲಯದವರು ದಕ್ಷಿಣ ಭಾರತದ ಶಾಲಾಮಕ್ಕಳನ್ನು ಪರೀಕ್ಷಿಸುವಾಗ ಇದನ್ನು ಕೊರತೆಯ ಗುರುತಾಗಿ ಎಣಿಸಿದರು. 1947ರಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಈ ಕಾರಣವನ್ನೇ ಪ್ರಶ್ನಿಸಿದರು. ಮುಂದಿನ ಅಧ್ಯಯನಗಳು ಅಡುಗೆ ಎಣ್ಣೆಗಳಲ್ಲಿರುವ ಲಿನೋಲಿಕ್ ಆಮ್ಲ ಮತ್ತು ಬಿ ಗುಂಪಿನ ವಿಟಮಿನ್‌ಗಳತ್ತ ಬೆರಳು ಮಾಡಿದವು. ಅಂದರೆ ವಿಟಮಿನ್ ನಿಜವಾಗಿ ಗೆದ್ದ ಕಡೆಯೂ ಗೆಲುವು ಯಾವುದರದೆಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗಲಿಲ್ಲ.

ಇಸಬಿಗೆ ಈ ಕೀರ್ತಿ ದಾಟಿದ್ದು ಇನ್ನೂ ದುರ್ಬಲ ಸೇತುವೆಯ ಮೇಲೆ. ಕೊಬ್ಬಿಲ್ಲದ ಆಹಾರ ತಿಂದ ಇಲಿಗಳ ಚರ್ಮ ಹೊಪ್ಪಳಿಸುವುದನ್ನು ವಿಜ್ಞಾನಿಗಳಾದ ಬರ್ ದಂಪತಿ 1929ರಲ್ಲಿ ತೋರಿಸಿದ ಮೇಲೆ, ಅಮೆರಿಕದ ಆರಿಲ್ಡ್ ಹ್ಯಾನ್ಸನ್ ಇಸಬು ಇದ್ದ ಶಿಶುಗಳಿಗೆ ಎಣ್ಣೆ ಕೊಟ್ಟು ಗುಣ ಕಂಡೆನೆಂದರು. 1935ರ ಹೊತ್ತಿಗೇ ಬೇರೆ ವೈದ್ಯರು ಅಂಥ ಫಲ ಸಿಗಲಿಲ್ಲವೆಂದು ವರದಿ ಮಾಡಿದ್ದರು. ಆದರೂ ಆಸೆ ಸಾಯಲಿಲ್ಲ. ಈವ್ನಿಂಗ್ ಪ್ರಿಮ್‌ರೋಸ್ ಮತ್ತು ಬೊರಾಜ್ ಎಣ್ಣೆಗಳ 27 ಪ್ರಯೋಗಗಳನ್ನು 2013ರಲ್ಲಿ ಒಟ್ಟಿಗೆ ತೂಗಿದ ಕೋಕ್ರೇನ್ ವಿಮರ್ಶೆ, ಅವು ಹುಸಿಮಾತ್ರೆಗಿಂತ ಮೇಲಲ್ಲವೆಂದಿತು. ವಿಟಮಿನ್, ಸತು, ಮೀನೆಣ್ಣೆಗಳನ್ನು ಕುರಿತ 2012ರ ವಿಮರ್ಶೆಯ 11 ಪ್ರಯೋಗಗಳಲ್ಲಿ ಇದ್ದವರು 596 ಮಂದಿ ಮಾತ್ರ. ಅಲ್ಲೂ ನಂಬುವಂಥ ಪುರಾವೆ ಸಿಗಲಿಲ್ಲ. ಇದು ಅಚ್ಚರಿಯೇನಲ್ಲ. ಇಸಬಿನ ಹಲವು ಮಕ್ಕಳಲ್ಲಿ ಚರ್ಮದ ತಡೆಗೋಡೆ ಕಟ್ಟುವ ಫಿಲಾಗ್ರಿನ್ ಪ್ರೋಟೀನಿನ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆಂದು 2006ರಲ್ಲಿ ಗೊತ್ತಾಯಿತು. ಊಟ ಬದಲಿಸಿದರೆ ಜೀನ್ ಬದಲಾಗದು.

ಮಂಗೋಲಿಯಾದ ಪ್ರಯೋಗವನ್ನು ಮುಂದಿಟ್ಟು ಇದನ್ನು ಆಕ್ಷೇಪಿಸಬಹುದು. 2014ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 107 ಮಕ್ಕಳಲ್ಲಿ ಕೆಲವರಿಗೆ ದಿನಕ್ಕೆ 1000 ಯೂನಿಟ್ ಡಿ ವಿಟಮಿನ್, ಉಳಿದವರಿಗೆ ಹುಸಿಮದ್ದು ಒಂದು ತಿಂಗಳು ಕೊಟ್ಟಾಗ, ವಿಟಮಿನ್ ಪಡೆದವರ ಇಸಬು ಹೆಚ್ಚು ತಗ್ಗಿತು. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಅವರೆಲ್ಲ ಚಳಿಗಾಲದಲ್ಲಿ ಇಸಬು ಕೆರಳುವ ಮಕ್ಕಳೆಂದೇ ಆರಿಸಲ್ಪಟ್ಟವರು, ಬಿಸಿಲಿಗೆ ಮೈಯೊಡ್ಡುವುದು ಅಪರೂಪವಾದ ಋತುವಿನವರು. ಖಾನಾಪುರದ ಕಾಡಂಚಿನಲ್ಲೂ ಮಳೆಗಾಲದಲ್ಲಿ ಮೋಡ ಕವಿದಿರುತ್ತದಲ್ಲ ಎಂದರೆ, ಮೊದಲು ಮಗುವಿನ ರಕ್ತದಲ್ಲಿ ಡಿ ಎಷ್ಟಿದೆಯೆಂದು ನೋಡಬೇಕು. ಕೊರತೆಯಿದ್ದರೆ ಎಲುಬಿಗಾಗಿಯಾದರೂ ತುಂಬಬೇಕು. ಅದು ಕೊರತೆಗೆ ಮದ್ದು, ಇಸಬಿಗಲ್ಲ. ಇಸಬಿಗೆ ಬೇಕಾದದ್ದು ದಿನವೂ ಹಚ್ಚುವ ಆರ್ದ್ರಕ ಲೇಪ, ಕೆರಳಿದಾಗ ವೈದ್ಯರು ಬರೆದುಕೊಟ್ಟ ಮುಲಾಮು.

ಆದರೂ ವಿಟಮಿನ್ ಕೊಟ್ಟರೆ ನಷ್ಟವೇನು ಎಂಬ ಪ್ರಶ್ನೆ ಉಳಿಯುತ್ತದೆ. ಹೆಚ್ಚಾದ ಎ ವಿಟಮಿನ್ ಮೂತ್ರದಲ್ಲಿ ಹೋಗದೆ ಯಕೃತ್ತಿನಲ್ಲಿ ಕೂಡುತ್ತದೆ. ತಿಂಗಳುಗಟ್ಟಲೆ ಅತಿಯಾದರೆ ಚರ್ಮ ಒಣಗಿ, ಸುಲಿದು, ತುರಿಸತೊಡಗುತ್ತದೆ.