ಎಂಟಿಲ್ಲದ ಸಂಖ್ಯೆ

ಮಧ್ಯಾಹ್ನದ ಬಿಡುವಿನಲ್ಲಿ ಲೆಕ್ಕದ ಸವಾಲು ಹಾಕಿಕೊಳ್ಳುವುದು ನಮ್ಮ ತರಗತಿಗೆ ಅಂಟಿದ್ದ ಚಟ. ಒಂದು ದಿನ ಗೆಳೆಯನೊಬ್ಬ ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ 12345679 ಎಂದು ಬರೆದು, "ಇದನ್ನ 9ರಿಂದ ಗುಣಿಸೋ" ಎಂದ. "8 ಬಿಟ್ಟಿದ್ದೀಯಲ್ಲೋ!" ಎಂದು ನಾನೇ ತಿದ್ದಿ ಗುಣಿಸಿದೆ. 1111111101 ಬಂತು. ಅವನು 8 ಅಳಿಸಿ ಮತ್ತೆ ಮಾಡಿಸಿದ. ಸಾಲಾಗಿ ಒಂಬತ್ತು ಒಂದುಗಳು! ಪಂದ್ಯದ ಕಡಲೆಮಿಠಾಯಿ ಸೋತೆ. ಅಂಗಡಿ ಲೆಕ್ಕ ಬರೆಯುತ್ತಿದ್ದ ಅವನ ಅಜ್ಜ ಹೇಳಿಕೊಟ್ಟದ್ದಂತೆ.

ಎಸ್ಸೆಸ್ಸೆಲ್ಸಿ ಮುಗಿಸಿ ಅವನು ಅಂಗಡಿಗೆ ಕೂತ, ನಾನು ಬಿ.ಇ.ಗೆ ಹೋದೆ. ಲೆಕ್ಕದಲ್ಲಿ ಅವನೇ ಮುಂದಿದ್ದ ಎಂಬುದನ್ನು ಇಲ್ಲಿ ಬರೆದಿಡಬೇಕು.

ಈಚೆಗೆ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಓದಿದೆ. ಒಂಬತ್ತನೇ ಶತಮಾನದ ಈ ಸಂಸ್ಕೃತ ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಹರಿದ ಮುತ್ತಿನ ಹಾರ, ದುಂಬಿಗಳ ಹಿಂಡು, ಎಲ್ಲವೂ ಅಲ್ಲಿ ಲೆಕ್ಕವೇ. 'ಹೇಳು ನೋಡೋಣ' ಎಂದು ಓದುಗನನ್ನು ಕೆಣಕುವ ಧಾಟಿ. ಗುಣಾಕಾರದ ಭಾಗಕ್ಕೆ ಬಂದಾಗ ಬೆಚ್ಚಿದೆ: ನಮ್ಮ ಜಗಲಿಯ ಲೆಕ್ಕ ಅಲ್ಲಿದೆ! ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಉತ್ತರಗಳನ್ನು ಮಹಾವೀರ ಕೊರಳಹಾರಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. ಅದೂ ಒಂದು ಹಾರ.

ಆ ಪುಟಗಳ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಉತ್ತರ ಬಂತು: "152207ನ್ನ 73ರಿಂದ ಗುಣಿಸೋ. ಈ ಸಲ ಏನೂ ಸೇರಿಸಬೇಡ. ಕಡಲೆಮಿಠಾಯಿ ಇನ್ನೂ ಬಾಕಿ ಇದೆ."